ಬೀಡಿ, ಸ್ಟೆಂಟು, ಜೇಬಲ್ಲೊಂದು ಚೀಟಿ

ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಮಂಡಿಯ ಲೆಕ್ಕ ಬರೆಯೋನು ನಾನು. ಹೃದಯದ ರಕ್ತನಾಳ ತೆರೆದಿಡೋ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡು ಎಂಟು ತಿಂಗಳಾಯಿತು. ಒಂದಿನ ಹರಾಜು ಮುಗಿದ ಮೇಲೆ ಹಮಾಲಿಯೊಬ್ಬ ಬೀಡಿ ಚಾಚಿದ. "ತಗೊಳ್ಳಣ್ಣ, ಸೇದಿದ್ರೆ ರಕ್ತ ತೆಳು ಮಾಡೋ ಮಾತ್ರೆ ಚೆನ್ನಾಗಿ ಕೆಲ್ಸ ಮಾಡುತ್ತಂತೆ" ಅಂದ. ನಕ್ಕುಬಿಟ್ಟೆ. ಡಾಕ್ಟರನ್ನು ಕೇಳಿದರೆ ಅರ್ಧ ನಿಜವಂತೆ!

ನಾನು ನುಂಗೋ ಆ ರಕ್ತ ತೆಳು ಮಾಡೋ ಮಾತ್ರೆ ಕ್ಲೋಪಿಡೋಗ್ರೆಲ್. ಅದು ನುಂಗಿದ ಹಾಗೇ ಕೆಲಸ ಮಾಡಲ್ಲ. ಲಿವರಿನ ಎಂಜೈಮ್‌ಗಳು ಅದನ್ನು ಬದಲಾಯಿಸಬೇಕು. ಅವುಗಳಲ್ಲಿ ಒಂದನ್ನು ಹೊಗೆ ಚುರುಕು ಮಾಡುತ್ತದೆ. ಆದರೆ ಮುಖ್ಯವಾದದ್ದು ಸಿವೈಪಿ2ಸಿ19 ಅನ್ನೋ ಇನ್ನೊಂದು ಎಂಜೈಮ್. ಅದು ಚುರುಕೋ ಮಂದವೋ ಅನ್ನೋದು ಅಪ್ಪ ಅಮ್ಮನಿಂದ ಬಂದ ಜೀನಿನಲ್ಲಿದೆ. ನಮ್ಮ ಕಡೆ ಜನರಲ್ಲಿ ಮಂದದ್ದು ಜಾಸ್ತಿಯೇ. ಆಗ ಮಾತ್ರೆ ಪೂರ್ತಿ ಕೆಲಸ ಮಾಡಲ್ಲ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳೋದು ಸರಿಯಾಗಿ ನಿಲ್ಲಲ್ಲ. ಅಂಟಿದವು ಸುಮ್ನಿರಲ್ಲ, ಉರಿಯೂತ ಎಬ್ಬಿಸುವ ವಸ್ತು ಬಿಡುತ್ತವೆ. ಇತ್ತ ಹೊಗೆ ರಕ್ತನಾಳದ ಒಳಪದರವನ್ನೇ ಕೆರಳಿಸುತ್ತದೆ, ಉರಿಯೂತ ತೋರಿಸೋ ರಕ್ತದ ಪ್ರೋಟೀನು ಸಿಆರ್‌ಪಿ ಏರುತ್ತದೆ. ಹಮಾಲಿ ಹೇಳದೆ ಬಿಟ್ಟ ಅರ್ಧ ಇದು.

ಹಾಗಾಗಿ ಚೆಕಪ್ಪಿಗೆ ಹೋಗುವಾಗ ಒಂದು ಚೀಟಿ ಬರೆದುಕೊಳ್ಳಿ. ಮೊದಲು ಬೀಡಿ ಲೆಕ್ಕ, ಸುಳ್ಳಿಲ್ಲದೆ. ನಾನು "ದಿನಕ್ಕೆ 3" ಅಂತ ಬರೆದಿದ್ದೆ. ಹೆಂಡತಿ ಹಿತ್ತಲ ತುಳಸಿಕಟ್ಟೆ ಹಿಂದೆ ಬಿದ್ದಿದ್ದ ಮೋಟುಗಳನ್ನು ಎಣಿಸಿದಳು. 11! ಮಂಡಿಯಲ್ಲಿ ಬಾಕ್ಸ್ ಲೆಕ್ಕ ಒಂದೂ ತಪ್ಪದವನು ನಾನು. ಗುಟ್ಕಾ ಇದ್ದರೆ ಬೇರೆ ಬರೆಯಿರಿ. ಎಂಜೈಮನ್ನು ಚುರುಕು ಮಾಡೋದು ಹೊಗೆ, ನಿಕೋಟಿನ್ ಅಲ್ಲ.

ಗ್ಯಾಸ್ ಮಾತ್ರೆಯ ಸ್ಟ್ರಿಪ್ಪನ್ನೂ ಒಯ್ಯಿರಿ. ಒಮೆಪ್ರಜೋಲ್, ಎಸೊಮೆಪ್ರಜೋಲ್ ಅದೇ ಸಿವೈಪಿ2ಸಿ19ಗೆ ಅಡ್ಡಗಾಲು ಹಾಕುತ್ತವೆ.

ಡಾಕ್ಟರು ಹೈ ಸೆನ್ಸಿಟಿವಿಟಿ ಸಿಆರ್‌ಪಿ ರಕ್ತ ಪರೀಕ್ಷೆ ಬರೆದುಕೊಟ್ಟರೆ, ನೆಗಡಿ, ಜ್ವರ, ಹಲ್ಲುನೋವು ಇರುವಾಗ ಮಾಡಿಸಬೇಡಿ, ಸುಮ್ನೆ ಏರಿರುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಒಳ್ಳೆಯದು, 3 ದಾಟಿದರೆ ಜಾಸ್ತಿ.

ಜೀನ್ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ನನಗೆ ಬೇಕಾ ಅಂತ ಕೇಳಿ. ರಕ್ತ ಅಥವಾ ಕೆನ್ನೆ ಒಳಗಿನ ಎಂಜಲು ಸಾಕು, ಜೀವಮಾನಕ್ಕೆ ಒಂದೇ ಸಲ. ಮಂದ ಅಂತ ಬಂದರೆ ಟಿಕಾಗ್ರೆಲರ್‌ನಂಥ ಬೇರೆ ಮಾತ್ರೆಗೆ ಬದಲಾಯಿಸುವ ಬಗ್ಗೆ ಡಾಕ್ಟರು ಯೋಚಿಸುತ್ತಾರೆ.

ಬೀಡಿ ಬಿಟ್ಟ ದಿನವನ್ನೂ ಅವರಿಗೆ ಹೇಳಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಒಂದು ದಿನವೂ. ಸ್ಟೆಂಟಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಕಳೆದ ಸಲದ ಚೀಟಿಯಲ್ಲಿ ನಂದು 0. ಪಕ್ಕದಲ್ಲಿ ಹೆಂಡತಿಯ ಸಹಿ ಇತ್ತು.