ಮಾನ್‌ಸ್ಟರ್ ಹೈ ಗೊಂಬೆಗಳು ವಾಪಸ್ ಬಂದಿವೆ, ಹಳೆಯದನ್ನು ಏನು ಮಾಡೋದು?

ಕಥೆಗಳ ದೆವ್ವ-ರಾಕ್ಷಸರ ಹದಿಹರೆಯದ ಮಕ್ಕಳ ರೂಪದಲ್ಲಿ ಆಟಿಕೆ ಕಂಪನಿ ಮ್ಯಾಟೆಲ್ 2010ರಲ್ಲಿ ತಂದ ಈ ಗೊಂಬೆಗಳು ಕೆಲವು ವರ್ಷಗಳ ನಂತರ ಅಂಗಡಿಗಳಿಂದ ಮಾಯವಾದವು. 2022ರಲ್ಲಿ ಮತ್ತೆ ಬಂದವು. ಖುಷಿಯ ಜೊತೆಗೇ ಒಂಥರಾ ಸಂಕಟ, ಅಲ್ವಾ? ವರ್ಷಗಟ್ಟಲೆ ಹುಡುಕಿ, ದುಡ್ಡು ಕೂಡಿಟ್ಟು ತಂದದ್ದು ಈಗ ಎಲ್ಲರ ಕೈಗೂ ಸಿಗುತ್ತದಲ್ಲ ಅಂತ. ಅದು ತಪ್ಪಲ್ಲ. ಆದರೆ ಆ ಬೇಸರದಲ್ಲಿ ಹಳೆಯದನ್ನು ಮಾರಬೇಡಿ.

ಮೊದಲು, ಬಂದಿರುವುದು ಯಾವುದು ನೋಡಿ. ಕ್ರೀಪ್ರೊಡಕ್ಷನ್ ಅಂದರೆ ಮೊದಲಿನ ಗೊಂಬೆಗಳನ್ನೇ ಮತ್ತೆ ಮಾಡಿದ್ದು. ಇನ್ನೊಂದು ಪೂರ್ತಿ ಹೊಸ ರೂಪ: ಫ್ರಾಂಕಿ ಅನ್ನೋ ಗೊಂಬೆಗೆ ಒಂದು ಕೃತಕ ಕಾಲಿದೆ, ಡ್ರಾಕುಲಾರಾ ಅನ್ನೋಳು ಮೈಕೈ ತುಂಬಿಕೊಂಡಿದ್ದಾಳೆ. ಇವರನ್ನು ಹಳಬರ ಜೊತೆ ಹೋಲಿಸಿ ಸುಮ್ನೆ ಕೊರಗಬೇಡಿ.

ಹಳೆಯದು ಅಂತ ಯಾರಾದರೂ ಜಾಸ್ತಿ ಬೆಲೆ ಹೇಳಿದರೆ ಗೊಂಬೆಯ ಮೈಮೇಲಿನ ಇಸವಿಯೊಂದನ್ನೇ ನಂಬಬೇಡಿ, ಅದು ಹಕ್ಕುಸ್ವಾಮ್ಯದ ವರ್ಷ, ತಯಾರಾದ ವರ್ಷವಲ್ಲ. ಡಬ್ಬಿಯ ಫೋಟೊ ಕೇಳಿ.

ಆಮೇಲೆ ನಿಮ್ಮ ಹಳೆಯವಳನ್ನು ಕಪಾಟಿನಿಂದ ಇಳಿಸಿ. ಬಟ್ಟೆ ಬಿಚ್ಚುವ ಮೊದಲು ಅಂಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಮೆಲ್ಲಗೆ ಎಳೆಯಿರಿ, ಅದು ಕಳಚಿ ಬರುವ ಹಾಗೇ ಮಾಡಿದ್ದಾರೆ, ಇಲ್ಲದಿದ್ದರೆ ಸಣ್ಣ ಬೆರಳುಗಳು ತೋಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಕೂದಲನ್ನು ತುದಿಯಿಂದ ಬಾಚಿ. ಡ್ರಾಕುಲಾರಾಳ ಕೆನ್ನೆಯ ಪುಟ್ಟ ಗುಲಾಬಿ ಹೃದಯದ ಮೇಲಿನ ಧೂಳು ಒರೆಸುವಾಗ, ಇವಳು ಎಷ್ಟು ದಿನದಿಂದ ನಮ್ಮ ಮನೆಯಲ್ಲಿದ್ದಾಳೆ ಅನ್ನೋದು ನೆನಪಾಗುತ್ತದೆ. ಹೊಸಬಳನ್ನು ಅವಳ ಪಕ್ಕದಲ್ಲೇ ನಿಲ್ಲಿಸಿ, ಬಿಸಿಲು ಬೀಳದ ಕಡೆ.