ಜೋಗಕ್ಕೆ ಹೋದೆವು, ಹಿನ್ನೀರಿಗೂ ಹೋದೆವು

ಅಪ್ಪನಿಗೆ ಎಪ್ಪತ್ತನಾಲ್ಕು ತುಂಬಿದ ವರ್ಷ ಅವರನ್ನು ಜೋಗಕ್ಕೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದೆ. ಶರಾವತಿ ಕೊಳ್ಳದಲ್ಲಿ ಹುಟ್ಟಿದ ಮನುಷ್ಯ ಅವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಗುವುದಕ್ಕೆ ಎರಡು ವರ್ಷ ಮೊದಲು ಅವರ ಮನೆಯವರು ಪಾತ್ರೆ, ಪೆಟ್ಟಿಗೆ, ದನಕರುಗಳೊಂದಿಗೆ ಲಾರಿ ಹತ್ತಿ ಶಿವಮೊಗ್ಗದ ಕಡೆಗೆ ಬಂದರು. ಊರು ಹಿನ್ನೀರಿನಲ್ಲಿ ಮುಳುಗುವುದಕ್ಕೆ ನಮ್ಮ ಕಡೆ ಒಂದೇ ಮಾತು: ಮುಳುಗಡೆ. ಅಪ್ಪ ಆಗ ಹನ್ನೆರಡರ ಹುಡುಗ. ಆಮೇಲೆ ಸಾಗರದವರೆಗೆ ಮದುವೆ, ತಿಥಿ ಎಂದು ಎಷ್ಟೋ ಸಲ ಹೋಗಿದ್ದಾರೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಮುಂದಿರುವ ಜೋಗಕ್ಕೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಈ ಸಲ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಳೆಬಾಗಿಲಿಗೂ ಹೋಗುವುದಾದರೆ ಬರುತ್ತೇನೆ" ಎಂದರು. ಹೊಳೆಬಾಗಿಲು ಎಂದರೆ ಆ ಅಣೆಕಟ್ಟಿನ ಹಿನ್ನೀರಿನ ದಡ. ನಮ್ಮ ಪ್ರವಾಸದ ನಕ್ಷೆ ಆ ಒಂದು ಮಾತಿನಿಂದ ತಯಾರಾಯಿತು.

2024ರ ಆಗಸ್ಟ್ ಕೊನೆಯ ವಾರ. ಜನ ಶನಿವಾರ ಹೊರಟು ಭಾನುವಾರ ಮರಳುತ್ತಾರೆ. ನಾವು ಭಾನುವಾರ ಹೊರಟು ಮಂಗಳವಾರ ಮರಳಿದೆವು. ಸೋಮವಾರ ಕೃಷ್ಣ ಜನ್ಮಾಷ್ಟಮಿಯ ರಜೆ, ಮಕ್ಕಳಿಗೆ ಶಾಲೆ ತಪ್ಪಿದ್ದು ಒಂದೇ ದಿನ. ವಾರಾಂತ್ಯದ ಗದ್ದಲ ಕರಗುವ ಹೊತ್ತಿಗೆ ಜೋಗ ತಲುಪಬೇಕೆಂಬುದು ನನ್ನ ಲೆಕ್ಕ, ಅದು ಸರಿಯಾಗಿ ಕೂಡಿಬಂತು. ಕಾರಿನಲ್ಲಿ ಐದು ಜನ: ಅಪ್ಪ, ನನ್ನ ಗಂಡ, ಹನ್ನೆರಡರ ಮಗಳು, ಏಳರ ಮಗ, ನಾನು. ಸ್ಟಿಯರಿಂಗ್ ಹೆಚ್ಚಿನ ಹೊತ್ತು ನನ್ನ ಕೈಯಲ್ಲೇ ಇತ್ತು.

ಬೆಂಗಳೂರಿನಿಂದ ಜೋಗಕ್ಕೆ ಸುಮಾರು ನಾನೂರು ಕಿಲೋಮೀಟರ್. ಎಂಟು ಗಂಟೆಯಲ್ಲಿ ತಲುಪಿದೆವು ಎನ್ನುವವರಿದ್ದಾರೆ. ವಯಸ್ಸಾದವರೂ ಚಿಕ್ಕ ಮಕ್ಕಳೂ ಜೊತೆಗಿದ್ದರೆ ಹನ್ನೊಂದು ಗಂಟೆ ಎಂದುಕೊಂಡೇ ಹೊರಡುವುದು ಒಳ್ಳೆಯದು. ಬೆಳಗಿನ ಐದಕ್ಕೆ ಮನೆ ಬಿಟ್ಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ನಂತರ ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ. ತಿಪಟೂರಿನ ತೆಂಗು ಕಣ್ಣಳತೆಯಿಂದ ಮರೆಯಾಗಿ ತರೀಕೆರೆಯ ಕಡೆ ಅಡಿಕೆ ತೋಟ ಶುರುವಾದದ್ದನ್ನು ಮೊದಲು ಗುರುತಿಸಿದ್ದು ಅಪ್ಪ. ಪ್ರತಿ ಒಂದೂವರೆ ಗಂಟೆಗೆ ಹತ್ತು ನಿಮಿಷ ನಿಲ್ಲಿಸಿ ಅವರನ್ನು ನಡೆದಾಡಿಸುತ್ತಿದ್ದೆ. ಈ ನಿಯಮವನ್ನು ನಾನು ಎಲ್ಲಿಯೂ ಸಡಿಲಿಸಲಿಲ್ಲ. ಸಂಜೆ ಅವರ ಕಾಲು ಊದಿಕೊಳ್ಳದೇ ಇದ್ದುದಕ್ಕೆ ಅದೇ ಕಾರಣವೆಂದು ನಂಬಿದ್ದೇನೆ. ಮಗನಿಗೆ ತಿರುವಿನ ರಸ್ತೆ ಒಗ್ಗುವುದಿಲ್ಲ. ಶಿವಮೊಗ್ಗ ದಾಟಿದ ಮೇಲೆ ಅವನನ್ನು ಮುಂದಿನ ಸೀಟಿನ ನೇರ ಹಿಂದೆ, ರಸ್ತೆ ಕಾಣುವಂತೆ ಕೂರಿಸಿ, ಮೊಬೈಲ್ ಕಸಿದುಕೊಂಡೆ. ವಾಂತಿಯಾಗಲಿಲ್ಲ.

ಆಯನೂರು, ಕುಂಸಿ, ಚೋರಡಿ ದಾಟಿ ಆನಂದಪುರ ಬರುವ ಹೊತ್ತಿಗೆ ಮಳೆ ಹಿಡಿಯಿತು. ಅಲ್ಲಿಂದ ಸ್ವಲ್ಪ ಮುಂದೆ ಎಡಗಡೆಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹೊರಡುವ ಮುನ್ನ ನಾಲ್ಕು ಚಕ್ರಗಳ ಗಾಳಿ ನೋಡಿಸಿದ್ದ ನಾನು ಡಿಕ್ಕಿಯಲ್ಲಿದ್ದ ಐದನೆಯದನ್ನು ಮರೆತಿದ್ದೆ. ಸ್ಟೆಪ್ನಿ ಹಾಕಿ ಜಾಕ್ ಇಳಿಸಿದರೆ ಅದೂ ಅರ್ಧ ಚಪ್ಪಟೆಯಾಗಿ ಕುಳಿತಿತು. ಹೊರಗೆ ಸುರಿಯುವ ಮಳೆ, ಒಳಗೆ ಅಪ್ಪ ಮತ್ತು ಮಕ್ಕಳು. ನನಗೆ ಅಳುವೇ ಬಂತು. ಆ ದಾರಿಯಲ್ಲಿ ಬಂದ ತೋಟದ ಯಜಮಾನರೊಬ್ಬರು ತಾವಾಗಿಯೇ ಜೀಪು ನಿಲ್ಲಿಸಿ, ಚಕ್ರವನ್ನೂ ನನ್ನ ಗಂಡನನ್ನೂ ಹತ್ತಿಸಿಕೊಂಡು ಹೋಗಿ ರಿಪೇರಿ ಮಾಡಿಸಿ ತಂದುಬಿಟ್ಟರು. ಮುಕ್ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ಅಪ್ಪ ಮಕ್ಕಳಿಗೆ ಕಿಟಕಿಯಿಂದಲೇ ಮರಗಳ ಹೆಸರು ಹೇಳಿಕೊಡುತ್ತಿದ್ದರು: ಮತ್ತಿ, ಹೊನ್ನೆ, ನಂದಿ, ನೇರಳೆ. ಅವರಿಗೆ ಇಷ್ಟೊಂದು ಮರಗಳ ಗುರುತಿದೆ ಎಂಬುದು ನನಗೇ ಗೊತ್ತಿರಲಿಲ್ಲ.

ಸಾಗರ, ತಾಳಗುಪ್ಪ ಕಳೆದು ಜೋಗ ಸೇರಿದಾಗ ಸಂಜೆ ಐದು. ಮಲೆನಾಡಿನ ಮಳೆಗಾಲದಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬಾರದು. ಮಂಜು ಒಮ್ಮೆಲೇ ಇಳಿಯುತ್ತದೆ, ದನಗಳು ರಸ್ತೆಯ ಮೇಲೆಯೇ ಮಲಗಿರುತ್ತವೆ. ಅದಕ್ಕಾಗಿಯೇ ಜೋಗದಲ್ಲೇ ತಂಗುವ ಏರ್ಪಾಡು ಮಾಡಿದ್ದೆ.

ನೋಟದ ಕಟ್ಟೆಗೆ ಹೋದರೆ ಎದುರಿಗೆ ಬರೀ ಬಿಳಿ. ಕಣಿವೆ ತುಂಬ ಮಂಜು, ಒಳಗಿನಿಂದ ಮೊರೆತ ಮಾತ್ರ. ಬಂದವರೆಲ್ಲ ಐದು ನಿಮಿಷ ನಿಂತು, ಏನೂ ಕಾಣಿಸುವುದಿಲ್ಲವೆಂದು ಬೇಸರದಿಂದ ಮರಳುತ್ತಿದ್ದರು. ದೂರದಿಂದ ಬಂದು, ಅದೇ ರಾತ್ರಿ ಹಿಂದಿರುಗಬೇಕಾದವರ ಸಂಕಟ ನನಗೆ ಅರ್ಥವಾಗುತ್ತದೆ. ಅಪ್ಪ ಬೆಂಚಿನ ಮೇಲೆ ಕೊಡೆ ಹಿಡಿದು ಕುಳಿತು, "ಕಾಯಿರಿ, ಗಾಳಿ ತಿರುಗಲಿ" ಎಂದರು. ಇಪ್ಪತ್ತು ನಿಮಿಷ ಕಳೆದಿರಬೇಕು. ತೆರೆ ಸರಿದಂತೆ ಮಂಜು ಎಡಕ್ಕೆ ಸರಿಯಿತು, 253 ಮೀಟರ್ ಎತ್ತರದ ಬಂಡೆಯ ಗೋಡೆ ತುದಿಯಿಂದ ಬುಡದವರೆಗೆ ಎದುರಿಗೆ ನಿಂತಿತು. ಕಟ್ಟೆಯ ಮೇಲಿದ್ದ ಅಪರಿಚಿತರೆಲ್ಲ ಒಟ್ಟಿಗೆ ಕೂಗಿದರು. ಎರಡೇ ನಿಮಿಷ, ಮತ್ತೆ ಮುಚ್ಚಿತು. ಅಪ್ಪ ಕೂಗಲಿಲ್ಲ, ಎದ್ದು ನಿಂತಿದ್ದರು.

ಆ ವರ್ಷ ಆಗಸ್ಟ್ ಆರಂಭದಲ್ಲೇ ಜಲಾಶಯದ ಗೇಟು ತೆರೆದಿದ್ದರು. ಗೇಟಿನ ನೀರು ಭರದಿಂದ ಬಂದಾಗ ರಾಜ, ರಾಣಿ, ರೋರರ್, ರಾಕೆಟ್ ಎಂಬ ಭೇದವೇ ಉಳಿಯದೆ ಒಂದೇ ಅಗಲ ಪರದೆಯಾಗಿಬಿಡುತ್ತದೆ. ನಾವು ಹೋದಾಗ ಆ ಅಬ್ಬರ ತಗ್ಗಿ ನಾಲ್ಕೂ ಕವಲು ಬಿಡಿಬಿಡಿಯಾಗಿ ಕಾಣುತ್ತಿದ್ದವು. ನನಗೆ ಇದೇ ಹೆಚ್ಚು ಚೆಂದ. ರಾಜ ಬಂಡೆಯನ್ನು ತಾಕದೆ ನೇರ ಕೆಳಗೆ ಬೀಳುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಇಳಿಯುತ್ತದೆ. ರಾಣಿ ಬಂಡೆಯ ಮೈಗೆ ಅಂಟಿಕೊಂಡು ನೊರೆಯಾಗಿ ಜಾರುತ್ತದೆ. ರೋರರ್ ಅನ್ನು ಅನೇಕರು ರೋವರ್ ಎನ್ನುತ್ತಾರೆ. ಮೊರೆಯುವುದರಿಂದ ಬಂದ ಹೆಸರದು ಎಂದು ಮಗಳಿಗೆ ಹೇಳಿದೆ. ಹೊರಡುವ ದಿನ ನಿಶ್ಚಯಿಸುವ ಮುನ್ನ ನಾನು ಎರಡು ವಾರ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುತ್ತಿದ್ದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಅಣೆಕಟ್ಟು ಜಲಪಾತದಿಂದ ಸುಮಾರು ಆರು ಕಿಲೋಮೀಟರ್ ಮೇಲಿದೆ. ಅಲ್ಲಿ ತಡೆದ ನೀರಿನ ಬಹುಪಾಲು ತಳಕಳಲೆ ಜಲಾಶಯದ ಮೂಲಕ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ, ಜೋಗದ ಬಂಡೆಯನ್ನು ಮುಟ್ಟುವುದೇ ಇಲ್ಲ. ಗೇಟು ಮುಚ್ಚಿದ್ದಾಗ ಇಲ್ಲಿ ಬೀಳುವುದು ಹೆಚ್ಚಾಗಿ ಅಣೆಕಟ್ಟಿನ ಕೆಳಗಿನ ಕಾಡಿನ ಮಳೆನೀರು. ಆದ್ದರಿಂದ ಆ ಭಾಗದಲ್ಲಿ ಎರಡು ದಿನ ಚೆನ್ನಾಗಿ ಮಳೆಯಾದ ಮೇಲೆ ಹೋದವರಿಗೆ ಮೋಸವಿಲ್ಲ.

ರಾತ್ರಿಯಿಡೀ ಆ ಸದ್ದು ಕೇಳುತ್ತಿತ್ತು. ಬೆಳಗ್ಗೆ ನೋಟದ ಕಟ್ಟೆಯ ಪ್ರವೇಶದ್ವಾರ ತೆರೆಯುತ್ತಿದ್ದಂತೆ ಮತ್ತೆ ಹೋದೆವು. ಆಗ ಅಲ್ಲಿದ್ದುದು ನಾವು ಮತ್ತು ಇನ್ನೊಂದು ಕುಟುಂಬ, ಅಷ್ಟೇ. ಕಣಿವೆಯ ತಳಕ್ಕೆ ಇಳಿಯುವ ಮೆಟ್ಟಿಲುಗಳನ್ನು ಮಳೆಗಾಲವೆಂದು ಮುಚ್ಚಿದ್ದರು. ಮಗ ಅತ್ತ, ಜಾರುವ ಪಾಚಿಯನ್ನು ತೋರಿಸಿ ಸಮಾಧಾನ ಮಾಡಿದೆವು. ಬದಲಿಗೆ ಶರಾವತಿಯನ್ನು ದಾಟಿ ಸಿದ್ದಾಪುರದ ಕಡೆಯ ಬ್ರಿಟಿಷ್ ಬಂಗಲೆಗೆ ಹೋದೆವು. ಇತ್ತ ಕಡೆ ಎದುರಿನಿಂದ ಕಾಣುವ ರಾಜ ಅಲ್ಲಿ ನಮ್ಮ ಕಾಲಿನ ಕೆಳಗೆ ಬೀಳುತ್ತದೆ. ಕಂಬಿಯಾಚೆ ಒಂದು ಹೆಜ್ಜೆಯನ್ನೂ ಇಡಬಾರದು, ಮಕ್ಕಳ ಕೈ ಬಿಡಲೇಬಾರದು. ಇಂಬಳ, ಅಂದರೆ ಜಿಗಣೆ, ಹತ್ತದಂತೆ ಕಾಲಿಗೆ ಬೇವಿನೆಣ್ಣೆ ಹಚ್ಚಿದ್ದೆವು, ಆದರೂ ಮಗಳ ಪಾದಕ್ಕೆ ಎರಡು ಹತ್ತಿದವು. ಒಂದು ಚಿಟಿಕೆ ಉಪ್ಪಿಗೆ ಬಿದ್ದುಹೋದವು.

ಮಧ್ಯಾಹ್ನ ಸಾಗರಕ್ಕೆ ಮರಳಿ ಊಟ ಮಾಡಿದೆವು. ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಮಿಡಿಯನ್ನು ಅಪ್ಪ ಕೊನೆಯ ತುತ್ತಿನವರೆಗೂ ಉಳಿಸಿಕೊಂಡರು. ಆಮೇಲೆ ಆವಿನಹಳ್ಳಿಯ ದಾರಿ ಹಿಡಿದು ಹೊಳೆಬಾಗಿಲಿಗೆ ಹೊರಟೆವು.

ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋಗುವವರೆಲ್ಲ ಆಗ ಅಲ್ಲಿಂದ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಕೆಲಸ ಪಕ್ಕದಲ್ಲೇ ನಡೆಯುತ್ತಿತ್ತು. 2025ರ ಜುಲೈನಲ್ಲಿ ಅದು ಉದ್ಘಾಟನೆಯಾಯಿತು. ಆಚೆ ದಡದ ತುಮರಿ, ಬ್ಯಾಕೋಡಿನ ಜನ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಲೂ ದಶಕಗಳ ಕಾಲ ಲಾಂಚಿಗೆ ಕಾದಿದ್ದಾರೆ. ಅವರಿಗೆ ಸೇತುವೆ ಆಗಬೇಕಾಗಿತ್ತು, ಎಂದೋ ಆಗಬೇಕಾಗಿತ್ತು.

ಕಾರು ಲಾಂಚಿನ ಮೇಲೇರಿತು. ಅಪ್ಪ ಇಳಿದು ಕಂಬಿ ಹಿಡಿದು ನಿಂತರು. ಮಳೆ ಬಿಟ್ಟಿತ್ತು, ನೀರು ಬೂದು ಬಣ್ಣಕ್ಕೆ ತಿರುಗಿತ್ತು. ದೂರದ ಎರಡು ಗುಡ್ಡಗಳ ನಡುವಿನ ಸಂದಿಯನ್ನು ತೋರಿಸಿ, "ಆ ಕಡೆ ನಮ್ಮ ಗದ್ದೆಬಯಲು. ಗುಡ್ಡದ ಅರ್ಧ ಮಾತ್ರ ಈಗ ಕಾಣುತ್ತಿದೆ" ಎಂದರು. ಮಗ "ಅಜ್ಜ, ಮನೆ ಒಳಗೇ ಇದೆಯಾ?" ಎಂದು ಕೇಳಿದ. "ಹೆಂಚು, ಬಾಗಿಲು, ತೊಲೆ ಎಲ್ಲ ಬಿಚ್ಚಿಕೊಂಡು ಹೋಗಿದ್ದೆವು ಮಗು. ಗೋಡೆ ಮಣ್ಣಿನದು, ಕರಗಿರುತ್ತದೆ. ಬಾವಿ ಇರುತ್ತದೆ" ಎಂದರು. ಬಾವಿಯ ನೀರು ಸಿಹಿಯಾಗಿತ್ತೆಂದೂ, ಬಾವಿಕಟ್ಟೆಯ ಪಕ್ಕ ರಂಜಲ ಮರವೊಂದಿತ್ತೆಂದೂ, ಅದರ ಹೂವನ್ನು ತಂಗಿ ದಾರಕ್ಕೆ ಪೋಣಿಸುತ್ತಿದ್ದಳೆಂದೂ ಹೇಳಿದರು. ನಲವತ್ತು ವರ್ಷ ಅವರ ಮಗಳಾಗಿದ್ದು, ಆ ಮರದ ಸುದ್ದಿಯನ್ನು ನಾನು ಕೇಳಿದ್ದು ಅದೇ ಮೊದಲು.

ಇಷ್ಟು ವರ್ಷ ಜೋಗ ನೋಡಲು ಏಕೆ ಬರಲಿಲ್ಲ ಎಂದು ಆಗ ಕೇಳಿದೆ. "ಅಲ್ಲಿ ಬೀಳುವ ನೀರು ನೋಡಿದರೆ, ಇಲ್ಲಿ ನಿಂತ ನೀರು ನೆನಪಾಗುತ್ತದಲ್ಲ" ಎಂದರು. ಸ್ವಲ್ಪ ತಡೆದು, "ಆದರೆ ನಿನ್ನೆ ಚೆನ್ನಾಗಿತ್ತು" ಎಂದು ಸೇರಿಸಿದರು.

ಆ ರಾತ್ರಿ ಸಾಗರದಲ್ಲಿ ತಂಗಿದೆವು. ಮಂಗಳವಾರ ಬೆಳಗ್ಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿ, ಮರ ಕೆತ್ತುವ ಸಾಗರದ ಗುಡಿಗಾರರ ಅಂಗಡಿಯಲ್ಲಿ ಒಂದು ಪುಟ್ಟ ಆನೆ ಕೊಂಡು, ತೊಡೆದೇವು ಎಂಬ ಸಿಹಿತಿಂಡಿಯ ಪೊಟ್ಟಣ ಕಟ್ಟಿಸಿಕೊಂಡು ಹೊರಟು, ರಾತ್ರಿ ಒಂಬತ್ತಕ್ಕೆ ಬೆಂಗಳೂರು ಸೇರಿದೆವು. ದಾರಿಯಲ್ಲಿ ಅಪ್ಪ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಮಾತೆತ್ತಿದರು. ಲಿಂಗನಮಕ್ಕಿಗೂ ಮೊದಲು, 1940ರ ದಶಕದಲ್ಲಿ ಕಟ್ಟಿದ್ದು. ದೊಡ್ಡ ಅಣೆಕಟ್ಟು ಬಂದಾಗ ಅದೂ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದ ವರ್ಷಗಳಲ್ಲಿ ನೀರು ಹೊರಬಿಡಲು ಕಟ್ಟಿದ್ದ ಅದರ ಸೈಫನ್‌ಗಳು ಮೇಲೆದ್ದು ಕಾಣುತ್ತವೆ, ಜನ ನಡೆದು ಹೋಗಿ ನೋಡುತ್ತಾರೆ. ಬಾಲ್ಯದಲ್ಲಿ ಅಪ್ಪ ಅದರ ಮೇಲೆ ನಡೆದಿದ್ದರಂತೆ.

ಮುಂದಿನ ಮೇ ತಿಂಗಳಿಗೆ ಅಲ್ಲಿಗೆ ಹೋಗೋಣವೆಂದಿದ್ದೇವೆ. ನೀರಿನ ಮಟ್ಟವನ್ನು ಈಗ ಅಪ್ಪನೇ ದಿನವೂ ಪತ್ರಿಕೆಯಲ್ಲಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. ನಾನು ಸ್ಟೆಪ್ನಿಗೆ ಗಾಳಿ ತುಂಬಿಸಿಟ್ಟಿದ್ದೇನೆ.