ಶೇಂಗಾ ಬಿಡಿಸುತ್ತಾ ಕೇಳಿದ ಒಂಬತ್ತು ಪ್ರಶ್ನೆ

ಕೊಪ್ಪಳದ ಕಡೆ ಹೈಸ್ಕೂಲ್ ಮಕ್ಕಳ ಕೌನ್ಸೆಲಿಂಗ್ ಶುರು ಮಾಡಿದಾಗ ಖಿನ್ನತೆ ಇದೆಯಾ ಅಂತ ನೋಡುವ ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9ರ ಕನ್ನಡ ಫಾರ್ಮ್ ಸುಮಾರು 300 ಜೆರಾಕ್ಸ್ ಮಾಡಿಸಿದೆ. 600 ರೂಪಾಯಿ, ಕೈಯಿಂದಲೇ. ಬಂದ ಅಂಕದ ಮೊತ್ತ ನೋಡಿದರೆ ಹೆಚ್ಚುಕಡಿಮೆ ಎಲ್ಲರದ್ದೂ 27ಕ್ಕೆ 3, 4. ಇಡೀ ಶಾಲೆ ಖುಷಿಯಾಗಿದೆ! ಹಿಂದೆ ಮೇಷ್ಟ್ರು ನಿಂತಿದ್ದರು. ಒಬ್ಬ ಹುಡುಗನಂತೂ "ಸರಿ ಉತ್ತರ ಯಾವುದ್ರಿ ಸರ್?" ಅಂದ. ಪಕ್ಕದವನದ್ದು ನೋಡಿ ಟಿಕ್ ಹಾಕಿದವರೂ ಇದ್ದರು. 'ಬೇಸರ' ಅನ್ನೋ ಪದವೂ ಕೈಕೊಟ್ಟಿತು. ಕರೆಂಟ್ ಹೋದರೂ ಬ್ಯಾಸರ, ಅಪ್ಪ ಹೊಡೆದರೂ ಬ್ಯಾಸರ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳದ್ದು 3 ಬಂದಿತ್ತು. ಆದರೆ ವಾರಕ್ಕೆರಡು ಸಲ ತಲೆನೋವು ಅಂತ ಮನೆಗೆ ಹೋಗುತ್ತಿದ್ದಳು. ಅವರ ಮನೆಗೆ ಹೋದಾಗ ತಾಯಿ, ಮಗಳು ಬಿತ್ತೋಕೆ ಶೇಂಗಾ ಬಿಡಿಸುತ್ತಿದ್ದರು. ನಾನೂ ಪಕ್ಕಕ್ಕೆ ಕೂತೆ. ತಾಯಿ ಒಳಗೆ ಹೋದ ಮೇಲೆ ಹುಡುಗಿ ತಲೆ ಎತ್ತದೆ ಹೇಳಿದಳು: "ಎದಿ ಮ್ಯಾಲೆ ಕಲ್ಲ ಇಟ್ಟಂಗ ಆಗ್ತೈತ್ರಿ." ಮದುವೆ ಮಾತು ನಡೆದಿತ್ತು. ಅದೇ ಒಂಬತ್ತು ಪ್ರಶ್ನೆ ಓದಿ ಹೇಳಿದೆ. 14 ಬಂತು. ಹತ್ತು ಮುಟ್ಟಿದರೇ ಖಿನ್ನತೆಯ ಅನುಮಾನ.

ಆಮೇಲೆ ಇದೇ ದಾರಿ. ಎದುರು ಕೂರೋದಿಲ್ಲ, ಪಕ್ಕ ಕೂರ್ತೀನಿ. ಮೊದಲು ಮೈನೋವು, ನಿದ್ದೆ, ಊಟ. ಮನಸ್ಸಿನ ಮಾತು, ಅಂದ್ರೆ ಆ ಒಂಬತ್ತು ಪ್ರಶ್ನೆ, ಕೊನೆಗೆ. ಸಾಯುವ ಯೋಚನೆ ಬರುತ್ತಾ ಅನ್ನೋ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಏನೇ ಬಂದರೂ ಮೊತ್ತ ನೋಡದೆ ಅದೇ ದಿನ ಜಿಲ್ಲಾಸ್ಪತ್ರೆಗೆ. ತಾಯಿಯನ್ನು ಒಳಗೆ ಕಳಿಸೋದು ಹೇಗೆ ಅನ್ನೋದನ್ನು ಮಾತ್ರ ಹೇಳಲ್ಲ. ಚಹಾ ನೆಪವಂತೂ ಅಲ್ಲ.

"ಟೆಸ್ಟ್ ಕೆಡಿಸಿದೆ" ಅಂತ ನಕ್ಕರು ಸಹೋದ್ಯೋಗಿಗಳು. ಪ್ರಶ್ನೆ ಮುಟ್ಟಿಲ್ಲ, ಅಂಕ ಮುಟ್ಟಿಲ್ಲ, ಕೂರೋ ಜಾಗ ಬದಲಾಯಿಸಿದೆ, ಅಷ್ಟೇ. 1930ರ ದಶಕದಲ್ಲೇ ಧಾರವಾಡದಲ್ಲಿ ಕಾಮತರು ಫ್ರಾನ್ಸಿನ ಬಿನೆಯ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದರು, ಅದನ್ನು ಇವರೆಲ್ಲ ಇವತ್ತಿಗೂ ಬಳಸ್ತಾರೆ ಅಲ್ವಾ? ನಾನು ಮತ್ತೆ ಕೇಳಿದ ನಲವತ್ತು ಮಕ್ಕಳಲ್ಲಿ ಹತ್ತು ದಾಟಿದವರು ಹನ್ನೆರಡು. ಕಾಗದದ ಮೇಲೆ ಇಬ್ಬರೇ ಇದ್ದರು.

ಹುಡುಗರ ಹತ್ತಿರ ಶೇಂಗಾ ನಡೆಯಲಿಲ್ಲ. ಬಿಡಿಸೋದಕ್ಕಿಂತ ತಿಂದದ್ದೇ ಜಾಸ್ತಿ. 1,200 ಕೊಟ್ಟು ಕೇರಂ ಬೋರ್ಡ್ ತಂದೆ. ಆಟ ಜೋರು, ಮಾತಿಲ್ಲ. ಕೊನೆಗೆ ಕೆರೆಯಲ್ಲಿ ಎಮ್ಮೆ ಮೈ ತೊಳೆಯುವಾಗ ಬಾಯಿ ಬಿಟ್ಟರು. ನನ್ನ ಎರಡು ಪ್ಯಾಂಟ್ ಹಾಳು.

ಅಂದು ಜಾಸ್ತಿ ನಕ್ಕಿದ್ದ ಗೆಳೆಯ ಹೋದ ತಿಂಗಳು ಫೋನ್ ಮಾಡಿದ್ದ. ಶೇಂಗಾ ಹಸೀದು ತರಲಾ, ಒಣಗಿದ್ದಾ ಅಂತ. ಒಣಗಿದ್ದೇ ತಗೋ ಮಾರಾಯಾ, ಹಸೀದಾದ್ರೆ ಎರಡನೇ ಪ್ರಶ್ನೆಗೇ ಖಾಲಿ ಅಂದೆ.